ಹಿಂದಿನ ಶೆಡ್ಡಿನ ಹೆಕ್ಸೇನ್

ಔಷಧಿ ಬೇರುಗಳಿಂದ ಸತ್ವ ತೆಗೆಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸಿಡುಕಿ ಎಂದೇ. ಅವಳು ಅಲ್ಲಿ ಕೆಮಿಸ್ಟು. ಅವಳ ಅಕ್ಕನಿಗೆ ಬೇರಿನ ಪುಡಿ ನೆನೆಹಾಕುವ ತೊಟ್ಟಿಗಳ ಕೆಲಸ. ತಂಗಿಯನ್ನು ಓದಿಸಿದ್ದೂ ಆ ತೊಟ್ಟಿಗಳ ಸಂಬಳವೇ.

ಒಂದು ಸಂಜೆ ಅಕ್ಕ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. ಇನ್ನೊಂದು ಎಲ್ಲಿ ಕಳಚಿಬಿತ್ತೋ ಗೊತ್ತೇ ಆಗಿರಲಿಲ್ಲ. ಅಂಗಾಲಿಗೆ ಗಾಜಿನ ಚೂರು ನೆಟ್ಟಿದ್ದರೂ ನೋವಿಲ್ಲ. ಸತ್ವ ಕರಗಿಸಲು ತೊಟ್ಟಿಗೆ ಸುರಿಯುವ ಹೆಕ್ಸೇನ್ ದ್ರಾವಕದ ಆವಿ ನರಗಳನ್ನು ತಿಂದಿದೆ ಎಂದರು ಡಾಕ್ಟರು.

ಅಂದು ನೆತ್ತಿಗೇರಿದ ಸಿಟ್ಟು ಇಳಿಯಲೇ ಇಲ್ಲ. ಆ ಸಿಟ್ಟಿನಲ್ಲೇ ಸಿಡುಕಿ ಹೆಕ್ಸೇನಿಗೆ ಬದಲಿ ಹುಡುಕಿದಳು. ಆಲ್ಕೋಹಾಲಿಗೆ ತುಸು ನೀರು ಬೆರೆಸಿದರೆ ಸತ್ವ ಅರ್ಧಕ್ಕರ್ಧ ಪುಡಿಯಲ್ಲೇ ಉಳಿಯಿತು. ಪುಡಿಯನ್ನು ತೀರಾ ನುಣ್ಣಗೆ ಮಾಡಿದರೆ ಸೋಸುವ ಬಟ್ಟೆಯೇ ಕಟ್ಟಿಕೊಂಡಿತು. ಪಾತ್ರೆಗಳಿಗೆ ಶಾಪ ಹಾಕುತ್ತ ನೀರಿನ ಪ್ರಮಾಣ, ಬಿಸಿ ಎಲ್ಲ ಬದಲಿಸಿದಳು. ಕೊನೆಗೆ ಸತ್ವ ಮೊದಲಿನಷ್ಟೇ ಸಿಕ್ಕಿತು. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತಿತ್ತು. ಯಜಮಾನ ಕೈಕುಲುಕಿದ. ಡಬ್ಬಿಗಳ ಮೇಲೆ ‘ವಿಷವಿಲ್ಲದ ವಿಧಾನ’ ಎಂದು ಅಚ್ಚಾಯಿತು.

ಆದರೂ ಅಕ್ಕನ ಬಟ್ಟೆಯಲ್ಲಿ ಅದೇ ಪೆಟ್ರೋಲಿನಂಥ ವಾಸನೆ. ಅನುಮಾನ ಬಂದು ಸಿಡುಕಿ ಕಾರ್ಖಾನೆಯ ಹಿಂದಿನ ಶೆಡ್ಡಿಗೆ ನುಗ್ಗಿದಳು. ಸಾಲಾಗಿ ಹೆಕ್ಸೇನ್ ಪೀಪಾಯಿಗಳು. ಅಕ್ಕ ಬಗ್ಗಿ ತೊಟ್ಟಿಯ ಮುಚ್ಚಳ ಎತ್ತುತ್ತಿದ್ದಳು.

“ಇದು ಹೆಕ್ಸೇನ್ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣೇ. ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?”

ಗಲಾಟೆ ಕೇಳಿ ಬಂದ ಯಜಮಾನ ಹಲ್ಲುಗಿಂಜಿದ. “ನಿನ್ನ ವಿಧಾನ ಚೆನ್ನಾಗೇ ಇದೆಯಮ್ಮ, ಬಂದೋರಿಗೆಲ್ಲ ಅದನ್ನೇ ತೋರಿಸ್ತೀವಲ್ಲ. ಆದ್ರೆ ಆರ್ಡರ್ ಕಾಯಲ್ಲ. ಹೊಟ್ಟೆಪಾಡು ನೋಡ್ಬೇಕು.”

“ಯಾರ ಹೊಟ್ಟೆ? ಇವಳ ಕಾಲು ನುಂಗಿ ತುಂಬಿಸ್ಕೊಂಡಿದ್ದೀರಲ್ಲ, ಆ ಹೊಟ್ಟೇನಾ?”

ಮುಂದಿನ ವಾರ ದೊಡ್ಡ ಗಿರಾಕಿಗಳು ಬಂದರು. ಅವರಿಗೆ ವಿಧಾನ ವಿವರಿಸುವುದು ಸಿಡುಕಿಯದೇ ಕೆಲಸ. ಮುಂಭಾಗದ ಹೊಳೆಯುವ ತೊಟ್ಟಿಗಳನ್ನು ತೋರಿಸಿದವಳು, “ಇನ್ನೂ ಇದೆ, ಬನ್ನಿ” ಎಂದು ನೇರ ಹಿಂದಕ್ಕೆ ಕರೆದೊಯ್ದು ಶೆಡ್ಡಿನ ಬಾಗಿಲು ಒದ್ದು ತೆರೆದಳು. ಅವರು ಮೂಗು ಮುಚ್ಚಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು.

ಶೆಡ್ಡಿಗೆ ಬೀಗ ಬಿತ್ತು. ಅಕ್ಕ-ತಂಗಿ ಇಬ್ಬರ ಕೆಲಸವೂ ಹೋಯಿತು.

“ನನ್ನನ್ನ ಒಂದು ಮಾತು ಕೇಳಿದ್ಯಾ?” ಅಕ್ಕ ಕಿರುಚಿದಳು. “ನನ್ನ ಕಾಲು, ನನ್ನ ಕೆಲ್ಸ. ನಿನ್ನ ಸಿಟ್ಟಿಗೆ ನನ್ನನ್ನೇ ಸೌದೆ ಮಾಡಿದ್ಯಲ್ಲೇ!”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಅಂತಿದ್ದೆ! ಏನೀಗ?”

ಸಿಡುಕಿಗೆ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಿತು. ಒಂದೇ ಒಂದು ಹನಿ ಹೆಕ್ಸೇನ್ ಒಳಗೆ ಬಂದರೂ ತಾನು ಹೊರಗೆ ಎಂದು ಮೊದಲ ದಿನವೇ ಹೇಳಿದಳು. ಅಕ್ಕನೂ ಜೊತೆಗೆ ಬಂದಳು, ಗೋಡೆ ಹಿಡಿದು ನಡೆಯುತ್ತ, ಬೈಯುತ್ತ.