ಹಾಡು ತಗ್ಗಿಸುತ್ತಿದ್ದ ಟ್ರ್ಯಾಕ್ಟರಿನವನು

ಆಗ ನನಗೆ ಐವತ್ತಾರು. ಐದು ವರ್ಷದ ಹಿಂದಿನ ಮಾತು. ಗಂಡ ಸತ್ತು ಎರಡು ವರ್ಷವಾಗಿತ್ತು. ಅವನ ಗಾಡಿ ಉಳಿದಿತ್ತು.

ಗಾಡಿ ಅಂದರೆ ಸಣ್ಣ ಟೆಂಪೋ. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾದಾಗ ನನ್ನನ್ನು ಸ್ಟೇರಿಂಗ್ ಮುಂದೆ ಕೂಡಿಸಿ, ತಾನು ಬಾಜೂಕ್ಕೆ ಕೂತು, ಬೈದು ಬೈದು ಕಲಿಸಿದ್ದ. ಎಮ್ಮೆ ಹೊಡೆದ ಹಾಗೆ ಹೊಡೆಯಬೇಡ ಅನ್ನುತ್ತಿದ್ದ. ಎಮ್ಮೆ ಹೊಡೆದೇ ಬೆಳೆದವಳು ನಾನು, ಗಾಡಿಯೂ ಹಾಗೇ ಬಂತು. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಲಾರಿಗಳ ಹಿಂದೆ ಬರೆದದ್ದನ್ನು ಓದಿ ಓದಿ ಅಕ್ಷರ ಕೂಡಿಸಲು ಬಂತು. ದಾರಿಯಲ್ಲಿ ಓದಲು ಬೇರೆ ಏನಿರುತ್ತದೆ.

ನಾಗನೂರಿನಲ್ಲಿ ನಾನು, ನನ್ನ ಸೊಸೆ, ಓಣಿಯ ಇನ್ನಿಬ್ಬರು ಹೆಂಗಸರು ಜೋಳದ ಖಡಕ್ ರೊಟ್ಟಿ ಬಡಿಯುತ್ತಿದ್ದೆವು. ಅದನ್ನು ಬುಟ್ಟಿಯಲ್ಲಿ ಜೋಡಿಸಿ, ಅರಿವೆ ಕಟ್ಟಿ, ಖಾನಾವಳಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಹತ್ತಿರದ ಖಾನಾವಳಿಗಳಿಗೆ ಹತ್ತಿರದವರೇ ಕೊಡುತ್ತಿದ್ದರು. ನಮಗೆ ಸಿಕ್ಕವು ದೂರದವು. ಮೂಡಲಗಿ, ಗೋಕಾಕ, ಹುಕ್ಕೇರಿ ದಾಟಿ, ಹೈವೇ ಮೇಲಿನ ಹತ್ತರಗಿ, ಯಮಕನಮರಡಿ.

ಮೂಡಲಗಿಯವರೆಗೆ ದಾರಿಯಲ್ಲಿ ಎಲ್ಲರೂ ಗುರುತಿನವರು. ಎದುರಿನವನು ಕೈ ಎತ್ತಿದರೆ ಅದು ನನ್ನ ಗಂಡನ ಗಾಡಿಗೆ ಎತ್ತಿದ ಕೈ. ಹುಡುಗರು ಕಾಕು ಅನ್ನುವರು, ಹುಷಾರಾಗಿ ಹೋಗಿ ಅನ್ನುವರು. ನಾನು ಯಾರ ಹೆಂಡತಿ, ಯಾರ ತಾಯಿ, ಯಾವಾಗ ರಂಡೆಯಾದೆ, ಎಲ್ಲ ಅವರಿಗೆ ಗೊತ್ತು. ಗೋಕಾಕ ದಾಟಿದರೆ ಯಾರಿಗೂ ಏನೂ ಗೊತ್ತಿಲ್ಲ. ಅಲ್ಲಿಂದ ಮುಂದೆ ನನಗೆ ಪರದೇಶ.

ಆ ಪರದೇಶದಲ್ಲಿ ಹೆಂಗಸು ಗಾಡಿ ಹೊಡೆದರೆ ಗಂಡಸರು ಏನೇನು ಮಾಡುತ್ತಾರೆ ನೋಡಿದ್ದೇನೆ. ಬೈಕಿನ ಹುಡುಗರಿಗೆ ಹೆಂಗಸಿನ ಹಿಂದೆ ಉಳಿಯುವುದು ಆಗುವುದಿಲ್ಲ. ಮುಂದೆ ಹೋಗಿ ತಿರುಗಿ ನೋಡುತ್ತಾರೆ, ಕಣ್ಣಿನ ಸುತ್ತಲ ಸುಕ್ಕು ಕಂಡು ಮುದುಕಿ ಎಂದು ಗೊತ್ತಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಲಾರಿಯವರು ಡಿಪ್ಪರ್ ಹೊಡೆಯುತ್ತಾರೆ, ಹಗಲಿನಲ್ಲೂ. ಒಬ್ಬ ಬಸ್ಸಿನವನು ಹಳ್ಳದ ಕಿರಿದಾದ ಪೂಲಿನ ಮೇಲೆ ನನಗಾಗಿ ಹಿಂದಕ್ಕೆ ಸರಿದು ನಿಂತು, ನಾನು ದಾಟುವಾಗ ಮೀಸೆ ತಿರುವಿದ. ಬಸ್ಸಿನ ತುಂಬ ಜನ. ಅವನಿಗೆ ಅದರ ಪರಿವೆ ಇರಲಿಲ್ಲ. ಹೀಗೆ ಮಾಡಿ ಮುಂದೆ ಏನಾದರೂ ಆಗಬೇಕೆಂದು ಅವರು ಮಾಡುವುದಿಲ್ಲ. ಗಾಡಿ ಮುಂದೆ ಹೋದರೆ ಮುಗಿಯಿತು. ಮುಗಿಯುತ್ತದೆ ಎಂದು ಗೊತ್ತಿರುವುದಕ್ಕೇ ಮಾಡುತ್ತಾರೆ.

ದೀಪಾವಳಿ ಆಯಿತೆಂದರೆ ಕಬ್ಬಿನ ಹಂಗಾಮು. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹುಕ್ಕೇರಿ ಕಡೆಯ ಫ್ಯಾಕ್ಟರಿಗೆ ಸಾಲು ಹಚ್ಚಿ ಹೋಗುತ್ತವೆ. ಕಬ್ಬು ರಸ್ತೆಯ ಎರಡೂ ಕಡೆ ಚಾಚಿರುತ್ತದೆ. ಅವರಿಗೆ ಹಿಂದಿನದು ಕಾಣುವುದಿಲ್ಲ. ಕೇಳಿಸುವುದೂ ಇಲ್ಲ, ಯಾಕೆಂದರೆ ತಲೆಯ ಮೇಲೆ ದೊಡ್ಡ ಸ್ಪೀಕರ್ ಕಟ್ಟಿ ಹಾಡು ಹಚ್ಚಿರುತ್ತಾರೆ. ಊರಿಗೆಲ್ಲ ಕೇಳುವಷ್ಟು. ಎರಡಕ್ಕೆ ಮಾತ್ರ ಅವರು ಹಾಡು ಪೂರ್ತಿ ಬಂದ್ ಮಾಡುತ್ತಾರೆ: ಪೊಲೀಸರು ಎದುರಾದರೆ, ಇಲ್ಲವೆ ಹೆಣ ಎದುರಾದರೆ.

ಇವನು ಅಂಥವರಲ್ಲೊಬ್ಬ. ಹುಕ್ಕೇರಿ ಕಡೆಯವನು, ನನ್ನದೇ ವಯಸ್ಸು, ತಲೆಗೆ ಟವೆಲ್. ಅವನ ಹಿಂದೆ ಸಿಕ್ಕಿಕೊಂಡು ಒಂದು ದಿನ ಹಾರ್ನ್ ಒತ್ತಿ ಒತ್ತಿ ನನಗೆ ತಲೆ ಕೆಟ್ಟಿತ್ತು. ಹುಕ್ಕೇರಿ ಇತ್ತಕಡೆ ಒಂದು ಚಹಾದಂಗಡಿ ಇದೆ, ಕಬ್ಬಿನವರೆಲ್ಲ ಅಲ್ಲಿ ನಿಲ್ಲುತ್ತಾರೆ. ಅವನು ನಿಂತ. ನಾನೂ ಗಾಡಿ ನಿಲ್ಲಿಸಿ ಇಳಿದು ಹೋದೆ.

ಅವನೇ ಮೊದಲು ಮಾತಾಡಿದ. "ಏನ್ರಿ ಅಕ್ಕಾರ, ಹಾರ್ನ್ ಒತ್ತಿ ಒತ್ತಿ ಕೈ ನೂಸಾಕತ್ತಿರಬೇಕು."

"ಕೈ ನೂಸಂಗಿಲ್ಲ. ನಿಮ್ಮ ಹಾಡ ಕೇಳಿ ಕಿವಿ ನೂಸಾಕತ್ತಾವು."

"ಹಂಗಾರ ನೀವು ಬಂದಾಗ ತಗ್ಗಸ್ತೀನಿ ತಗೋರಿ."

"ನಾ ಬಂದದ್ದ ಹೆಂಗ ಗೊತ್ತಾಗಬೇಕು? ನಿಮ್ಮ ಕಬ್ಬಿನ ಹಿಂದ ಆನಿ ಬಂದ್ರೂ ಕಾಣಂಗಿಲ್ಲ."

ಅವನು ಅದಕ್ಕೊಂದು ಹಂಚಿಕೆ ಹೇಳಿದ. ಒಂದು ಹಾಡು ಮುಗಿದು ಇನ್ನೊಂದು ಸುರುವಾಗುವ ನಡುವೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಗ ಎರಡು ಸಲ ಸಣ್ಣಗೆ ಹೊಡೆಯಬೇಕು. ಉಳಿದವರೆಲ್ಲ ಒತ್ತಿ ಹಿಡಿಯುತ್ತಾರೆ, ಸಣ್ಣಗೆ ಹೊಡೆದರೆ ನೀವೆಂದು ತಿಳಿಯುತ್ತೇನೆ ಎಂದ.

ಮಾರನೆಯ ದಿನ ನೋಡೋಣ ಎಂದು ಹಾಗೇ ಮಾಡಿದೆ. ಹಾಡು ಮುಗಿಯುವ ತನಕ ಅವನ ಹಿಂದೆ ಕಬ್ಬಿನ ಗರಿ ನೋಡುತ್ತ ಹೋದೆ. ಮುಗಿಯಿತು, ಎರಡು ಸಲ ಹೊಡೆದೆ. ಮುಂದಿನ ಹಾಡು ಸಣ್ಣಗೆ ಸುರುವಾಯಿತು. ಬಲಗಡೆಯಿಂದ ಅವನ ಕೈ ಹೊರಗೆ ಬಂತು. ಎಲ್ಲರೂ ಅಂಗೈ ಬೀಸುತ್ತಾರೆ, ಇವನು ಎರಡು ಬೆರಳು ಮಾತ್ರ ಕುಣಿಸಿದ, ಮದುವೆ ಮನೆಯಲ್ಲಿ ಒಳಗೆ ಬನ್ನಿ ಅಂದ ಹಾಗೆ. ನಾನು ಮುಂದೆ ಹೋಗಿ ಕೈ ಎತ್ತಿದೆ. ಎಡಗಡೆಯ ಕನ್ನಡಿಯಲ್ಲಿ ಅವನು ನಗುವುದು ಕಾಣಿಸಿತು.

ಅವತ್ತಿನಿಂದ ದಿನಾ ಹಾಗೇ. ರೊಟ್ಟಿ ಬಡಿಯುವಾಗಲೇ ನನಗೆ ಅದರ ನೆನಪು ಬರತೊಡಗಿತು. ಅವನು ಸಿಗದ ದಿನ ದಾರಿ ಉದ್ದ ಅನಿಸುತ್ತಿತ್ತು. ಮನೆಯಲ್ಲಿ ನಾನು ಬಂದರೆ ಯಾರೂ ಏನೂ ತಗ್ಗಿಸುವುದಿಲ್ಲ, ಟಿವಿ ಕೂಡ ತಗ್ಗಿಸುವುದಿಲ್ಲ. ನನಗೆ ಆ ಹಾಡು ತಗ್ಗುವುದು ಬೇಕಾಗಿತ್ತು. ಸುಳ್ಳು ಹೇಳಿ ಏನು ಮಾಡಲಿ.

ಒಂದು ಸಂಗತಿ ಹೇಳಬೇಕು. ಅವನು ನನ್ನ ಮುಖ ಸರಿಯಾಗಿ ನೋಡಿರಲಿಲ್ಲ. ಗಾಡಿ ಹೊಡೆಯುವಾಗ ನಾನು ಹೊಲದಲ್ಲಿ ಹಾಕುವ ಹಾಗೆ ಸೀರೆಯ ಮೇಲೆ ತುಂಬು ತೋಳಿನ ಅಂಗಿ ಹಾಕುತ್ತಿದ್ದೆ, ಗಂಡನದೇ ಹಳೆಯದು. ಧೂಳಿಗೆಂದು ಹಣೆಯೂ ಸೇರಿ ಕೊರಳ ತನಕ ಕಣ್ಣಷ್ಟು ಬಿಟ್ಟು ಬಟ್ಟೆ ಕಟ್ಟುತ್ತಿದ್ದೆ. ಹಾಗಾಗಿ ಬರೀ ವಿಭೂತಿ ಇದ್ದ ಹಣೆ, ತಾಳಿ ಇಲ್ಲದ ಕೊರಳು, ಬಳೆ ಇಲ್ಲದ ಕೈ ಯಾವುದೂ ಅವನಿಗೆ ಕಂಡಿರಲಿಲ್ಲ. ಚಹಾವನ್ನು ಗಾಡಿಯೊಳಗೆ ಒಯ್ದು ಆ ಕಡೆ ತಿರುಗಿ ಕುಡಿಯುತ್ತಿದ್ದೆ. ಮೊದಮೊದಲು ರೂಢಿ. ಆಮೇಲೆ ಬೇಕೆಂದೇ. ಒಂದು ದಿನ ಹುಕ್ಕೇರಿ ಸಂತೆಯಲ್ಲಿ ಮುಖಕ್ಕೆ ಕಟ್ಟಲು ಹೂವಿನ ಬಟ್ಟೆ ತಂದೆ. ಸೊಸೆ ಅದನ್ನು ಹಿಡಿದು ತಿರುವಿ ತಿರುವಿ ನೋಡಿದಳು.

"ಅತ್ತಿ, ಹೂವಿಂದ ತಂದೀರಿ?"

"ಅದ ಸೋವಿ ಇತ್ತು."

ಅವಳು ಅದನ್ನು ಮಡಚಿ ನನ್ನ ಕೈಗೆ ಕೊಟ್ಟಳು. ಜಾಣೆ.

ಅವನು ಚಹಾದಂಗಡಿಯಲ್ಲಿ ನನ್ನ ಗಂಡನ ವಿಷಯ ತೆಗೆದು ಚಾಷ್ಟಿ ಮಾಡುತ್ತಿದ್ದ. ನಿಮ್ಮ ಯಜಮಾನರು ಪುಣ್ಯವಂತರು, ಹೆಂಡತಿಯನ್ನು ದಾರಿಗೆ ಹಚ್ಚಿ ತಾವು ಹಾಯಾಗಿ ಮಲಗಿರಬೇಕು ಎಂದ. ಮಲಗಿಲ್ಲ, ಕೂತಿದ್ದಾರೆ ಎಂದೆ. ನಮ್ಮವರಲ್ಲಿ ಸತ್ತವರನ್ನು ಕೂಡಿಸಿಯೇ ಹೂಳುವುದು. ಅವನಿಗೆ ಅದು ಹೊಳೆಯಲಿಲ್ಲ, ನಕ್ಕ. ನಾನೂ ನಕ್ಕೆ. ತನ್ನ ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತೆಂದು ಅವನೇ ಹೇಳಿದ, ಮಕ್ಕಳ ಮದುವೆಯಾಗಿ ಬೇರೆ ಅಡುಗೆ ಮಾಡಿಕೊಂಡಿದ್ದಾರೆ, ತಾನೇ ಒಲೆ ಹಚ್ಚುತ್ತೇನೆ, ರೊಟ್ಟಿ ಮಾತ್ರ ದುಂಡಗೆ ಆಗುವುದಿಲ್ಲ ಎಂದ. ನಾನು ಬುಟ್ಟಿಯಿಂದ ನಾಲ್ಕು ರೊಟ್ಟಿ ತೆಗೆದು ಕೊಟ್ಟೆ. ಅವನು ಟ್ರೇಲರ್‌ನಿಂದ ಒಂದು ಕಬ್ಬು ಹಿರಿದು, ಗರಿ ಸವರಿ, ನನ್ನ ಸೀಟಿನ ಬಾಜೂಕ್ಕೆ ಇಟ್ಟ.

ಅಷ್ಟರಲ್ಲಿ ಅವನು ಅಕ್ಕಾರ ಅನ್ನುವುದನ್ನು ಬಿಟ್ಟಿದ್ದ. ನಮ್ಮ ಕಡೆ ಗುರುತಿಲ್ಲದ ಹೆಂಗಸನ್ನು ಮಾತಾಡಿಸಬೇಕಾದರೆ ಅಕ್ಕ, ಅವ್ವ, ಚಿಗವ್ವ ಏನಾದರೊಂದು ಹಚ್ಚಲೇಬೇಕು. ಅದನ್ನು ಹಚ್ಚದೆ ಬರೀ "ಬರ್ರಿ, ಕುಂಡರ್ರಿ" ಎಂದರೆ ಆ ಗಂಡಸು ತಂಗಿ ಅಕ್ಕನ ಲೆಕ್ಕದಲ್ಲಿ ನಿನ್ನನ್ನು ಇಟ್ಟಿಲ್ಲ ಎಂದೇ ಅರ್ಥ. ಅದು ಯಾವ ದಿನ ಬಿಟ್ಟುಹೋಯಿತೆಂದು ನಾನು ಗುರುತಿಟ್ಟಿದ್ದೆ. ಆ ದಿನ ಕಬ್ಬು ಕೊಟ್ಟ ದಿನ.

ಆಮೇಲೆ ನನ್ನ ತಲೆ ಕೆಲಸ ಮಾಡತೊಡಗಿತು. ಅವನಿಗೆ ಹೆಂಡತಿ ಇಲ್ಲ. ನನಗೆ ಗಂಡ ಇಲ್ಲ. ಗಂಡ ಸತ್ತವಳು ಇನ್ನೊಬ್ಬನ ಕೈಯಿಂದ ಸೀರೆ ಉಟ್ಟು ಅವನ ಮನೆಗೆ ಹೋಗುವುದಕ್ಕೆ ನಮ್ಮವರು ಉಡಿಕಿ ಅನ್ನುತ್ತಾರೆ. ನನ್ನ ಸೋದರತ್ತೆಯೊಬ್ಬಳು ಹಾಗೆ ಹೋಗಿ ಬಾಳಿದ್ದಳು. ಅವಳು ಹೋದಾಗ ಹರೆಯದವಳು, ನನಗೆ ಐವತ್ತಾರು, ಅಷ್ಟೇ ಫರಕು. ಅವನು ಇಷ್ಟು ಮಾತಾಡುವುದು ಗಂಡ ಇದ್ದಾನೆಂದು ತಿಳಿದು. ಇಲ್ಲವೆಂದು ಗೊತ್ತಾದರೆ ಇನ್ನೂ ಸಲೀಸಾಗಿ ಮಾತಾಡಿಯಾನು ಎಂದುಕೊಂಡೆ. ಈ ವಯಸ್ಸಿಗೆ ನನ್ನ ಬುದ್ಧಿ ಅಷ್ಟಿತ್ತು.

ಹಂಗಾಮು ಮುಗಿಯಲು ಬಂದಿತ್ತು, ಬಿಸಿಲು ಏರಿತ್ತು. ಗೋಕಾಕ ಬಿಟ್ಟು ಹುಕ್ಕೇರಿ ದಾರಿಯಲ್ಲಿ ನನ್ನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಸ್ಟೆಪ್ನಿ ಇಳಿಸಿ ಜಾಕ್ ಹಚ್ಚುತ್ತಿದ್ದೆ. ಹಿಂದಿನಿಂದ ಅವನ ಹಾಡು ಬಂತು. ಅವನು ಟ್ರ್ಯಾಕ್ಟರ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಹಿಂದಿನವರೆಲ್ಲ ಬೈಯುತ್ತಿದ್ದರೂ ಕೇಳದೆ ಬಂದು ನನ್ನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಂಡ.

"ಯಜಮಾನರಿಗಿ ಫೋನ್ ಮಾಡ್ರಿ, ಹೆಂಡ್ತಿ ದಾರ್ಯಾಗ ಕುಂತಾಳಂತ."

"ಅವರು ಎತ್ತಂಗಿಲ್ಲ."

"ಜಗಳಾಡೀರೇನು?" ಎಂದು ನಟ್ಟು ಬಿಚ್ಚುತ್ತ ನಕ್ಕ. "ಜಗಳಾಡಿದ್ರ ಛಲೋ ಆತು. ನಮ್ಮ ಟ್ರ್ಯಾಕ್ಟರ್‌ನ್ಯಾಗ ಜಗಾ ಐತಿ."

ಅದೇ ಹೊತ್ತು ಎಂದು ನನಗೆ ಅನಿಸಿತು. ಬೆವರು ಬೇರೆ ಇಳಿಯುತ್ತಿತ್ತು. ಮುಖದ ಬಟ್ಟೆ ಬಿಚ್ಚಿದೆ. ಅಂಗಿಯ ತೋಳು ಮೇಲೆ ಮಾಡಿದೆ. ಅವನ ನೀರಿನ ಬಾಟಲಿ ತೆಗೆದುಕೊಂಡು ಮುಖ ತೊಳೆದು, ಅವನ ಎದುರಿಗೇ ಕುಡಿದೆ.

ಅವನು ತಲೆ ಎತ್ತಿ ನೋಡಿದ. ಹಣೆ ನೋಡಿದ, ಕೊರಳು ನೋಡಿದ, ಕೈ ನೋಡಿದ. ಆಮೇಲೆ ತಲೆ ಬಗ್ಗಿಸಿ ಎಲ್ಲ ನಟ್ಟು ಬಿಗಿದ. ಜಾಕ್ ಇಳಿಸಿ, ಕೈ ಒರೆಸಿಕೊಂಡು, ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಹಿರಿಯರ ಮುಂದೆ ಹಾಗೆ ಮಾಡುತ್ತಾರೆ.

"ಯಾವಾಗ್ರಿ?"

"ಎರಡ ವರ್ಷಾತು."

"ತಪ್ಪಾತ್ರಿ ಅವ್ವಾರ. ನನಗ ಗೊತ್ತಿರಲಿಲ್ಲ."

ನನ್ನದೇ ವಯಸ್ಸಿನವನು ನನ್ನನ್ನು ಅವ್ವ ಎಂದ. ಏನು ತಪ್ಪು ಎಂದು ಕೇಳಿದೆ. ಬಾಯಿಗೆ ಬಂದ ಹಾಗೆ ಚಾಷ್ಟಿ ಮಾಡಿದೆ ಎಂದ.

"ಗಂಡ ಇದ್ದಾಕಿಗಿ ಮಾಡಿದ್ರ ನಡೀತಿತ್ತು?" ಎಂದೆ.

"ಅದ ಬ್ಯಾರೆ ರೀ."

ಹೇಗೆ ಬೇರೆ ಎಂದು ಕೇಳಲಿಲ್ಲ. ನನಗೂ ಗೊತ್ತಿತ್ತು. ಗಂಡ ಇದ್ದವಳ ಜೊತೆ ಆಡಿದ ಮಾತು ದಾರಿಯಲ್ಲೇ ಉಳಿಯುತ್ತದೆ, ಅವಳು ಮನೆಗೆ ಹೋಗುತ್ತಾಳೆ. ನನ್ನಂಥವಳ ಜೊತೆ ಆಡಿದರೆ ಅದು ನಿಜವಾಗಿಬಿಟ್ಟೀತು ಎಂಬ ಹೆದರಿಕೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇನ್ನೂ ಒಂದು ಹಂಗಾಮು ನಡೆಯುತ್ತಿತ್ತೇನೋ. ಹಳೆಯ ಗಾಲಿಯನ್ನು ತಾನೇ ಎತ್ತಿ ಗಾಡಿಯಲ್ಲಿ ಇಟ್ಟು, ಎರಡೂ ಕೈ ಮುಗಿದು, ಟ್ರ್ಯಾಕ್ಟರ್ ಹತ್ತಿದ.

ಮಾರನೆಯ ದಿನ ಮುಂಜಾನೆ ನಾನು ಮುಖಕ್ಕೆ ಬಟ್ಟೆ ಕಟ್ಟಲಿಲ್ಲ. ಗೋಕಾಕ ದಾಟಿದ ಮೇಲೆ ಅವನು ಸಿಕ್ಕ. ಹಾಡು ಮುಗಿಯುವ ತನಕ ಹಿಂದೆ ಹೋದೆ. ಮುಗಿಯಿತು. ಎರಡು ಸಲ ಸಣ್ಣಗೆ ಹೊಡೆದೆ. ಇನ್ನೊಂದು ಹಾಡು ಸುರುವಾಗಲೇ ಇಲ್ಲ. ಪೂರ್ತಿ ಬಂದ್ ಮಾಡಿದ್ದ. ಕೈ ಹೊರಗೆ ಬಂತು, ಇಡೀ ಅಂಗೈ. ನಾನು ಬಾಜೂಕ್ಕೆ ಹಾಯುವಾಗ ಅವನು ತಲೆ ಬಗ್ಗಿಸಿ ಕೂತಿದ್ದ. ಟ್ರ್ಯಾಕ್ಟರಿನ ಸದ್ದು ಮಾತ್ರ ಇತ್ತು.

ನಾನು ಕೈ ಎತ್ತಲಿಲ್ಲ. ಮುಂದೆ ಹೋಗಿ, ಗಾಡಿ ನಿಲ್ಲಿಸಿ, ಎಡಗಡೆಯ ಕನ್ನಡಿಯನ್ನು ಒಳಕ್ಕೆ ಮಡಚಿದೆ. ಚಹಾದಂಗಡಿಯಲ್ಲಿ ನಿಲ್ಲಲಿಲ್ಲ. ಹತ್ತರಗಿಯಲ್ಲಿ ಎರಡು ಬುಟ್ಟಿ, ಯಮಕನಮರಡಿಯಲ್ಲಿ ಉಳಿದವು ಇಳಿಸಿದೆ. ಇವತ್ತು ಲಗೂ ಬಂದಿರಲ್ಲ ಎಂದು ಖಾನಾವಳಿಯವನು ಕೇಳಿದ. ದಾರಿಯಲ್ಲಿ ಯಾರೂ ಅಡ್ಡ ಬರಲಿಲ್ಲ ಎಂದೆ. ಖಾಲಿ ಬುಟ್ಟಿ ಗಾಡಿಗೆ ಹಾಕಿಕೊಂಡೆ.