ಮುಟ್ಟದೇ ತೆರೆಯುವ ಡಬ್ಬಿ

ಪುಣೆಯಲ್ಲಿ ನಮ್ಮ ಮೊದಲ ಬೆಳಗು. ಯಾರೋ ಗಂಟೆ ಒತ್ತಿ, "ಓಲಾ! ಸುಕಾ!" ಎಂದು ಜೋರಾಗಿ ಕೂಗಿದರು. ಕಿವಿಯೋಲೆ ಮಾರುವವರು ಬಂದಿರಬೇಕು ಎಂದುಕೊಂಡು ಬಾಗಿಲು ತೆರೆದೆ. ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡ, ಐವತ್ತು ದಾಟಿದ ಹೆಂಗಸು ನಿಂತಿದ್ದಳು. ಮರಾಠಿಯಲ್ಲಿ ಮತ್ತೇನೋ ಕೇಳಿದಳು. ನಾನು ಒಳಗೆ ತಿರುಗಿ ನಮ್ಮ ಮನೆಯವರಿಗೆ, "ಏನ್ ಕೇಳಾಕತ್ತಾರೋ ಏನೋ, ತಿಳೀವಲ್ದುರೀ" ಎಂದೆ.

ಹೆಂಗಸು ನಕ್ಕುಬಿಟ್ಟಳು. "ಹಸೀ ಕಸ ಬ್ಯಾರೆ, ಒಣಾ ಕಸ ಬ್ಯಾರೆ ಕೊಡ್ರಿ ಅಕ್ಕಾರ. ಓಲಾ ಅಂದ್ರ ಹಸೀದು, ಸುಕಾ ಅಂದ್ರ ಒಣಾದು."

ಹೆಸರು ಗೌರವ್ವ, ಊರು ಇಂಡಿ ತಾಲ್ಲೂಕಿನ ಕಡೆ. ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿ ಮನೆಮನೆಯ ಕಸ ಎತ್ತುತ್ತಿದ್ದಳು. ನಾನು ಅವಳನ್ನು ಗೌರಕ್ಕ ಎಂದು ಕರೆಯತೊಡಗಿದೆ.

ನಮ್ಮ ಮನೆಯವರು ಚಿಂಚವಾಡದ ಕಾರ್ಖಾನೆಗೆ ಏಳಕ್ಕೇ ಹೊರಟರೆ ಬರುವುದು ಕತ್ತಲಾದ ಮೇಲೆ. ಹುಬ್ಬಳ್ಳಿಯಲ್ಲಿ ಕರಿಬೇವು ಬೇಕಾದರೆ ಗೋಡೆಯಾಚೆ ಕೂಗಿದರೆ ಸಾಕಿತ್ತು, ಕರಿಬೇವಿನ ಜೊತೆ ಅರ್ಧ ತಾಸಿನ ಹರಟೆಯೂ ಬರುತ್ತಿತ್ತು. ಇಲ್ಲಿ ಎದುರು ಮನೆಯವರೂ ಫೋನಿನಲ್ಲೇ ಮಾತಾಡಿಸುತ್ತಿದ್ದರು. ಒಳ್ಳೆಯ ಜನವೇ, ಆದರೆ ಅವರ ಭಾಷೆ ನನಗೆ ಬಾರದು. ಹೀಗಾಗಿ ಗೌರಕ್ಕ ಬಂದ ಹತ್ತು ನಿಮಿಷವೇ ನನ್ನ ದಿನದ ಕನ್ನಡ. ಎರಡು ಬಕೆಟ್ಟುಗಳನ್ನು ಅವಳು ಚೀಲಕ್ಕೆ ಸುರಿಯುತ್ತಿದ್ದಳು, ನಾನು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದೆ. ಚಹಾ ಕೊಟ್ಟರೆ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದಳು. ಅವಳೂ ಹೊಸ್ತಿಲು ದಾಟಲಿಲ್ಲ, ನಾನೂ ಕರೆಯಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಹಸಿ ಕಸದ ವಾಸನೆ ತಡೆಯದಾಯಿತು. ಟೀವಿ ಜಾಹೀರಾತಿನಲ್ಲಿ ತಾನೇ ತೆರೆದುಕೊಳ್ಳುವ ಕಸದ ಡಬ್ಬಿ ನೋಡಿದ್ದೆ. ಭಾನುವಾರ ಅಂಗಡಿಗೆ ಹೋದೆವು. ಮಾರುವವನು ಡಬ್ಬಿಯ ಮೇಲೆ ಕೈ ಆಡಿಸಿ ಮುಚ್ಚಳ ತೆರೆಸಿ, "ಹಾತ್ ಲಾವಾಯಚೀ ಗರಜಚ್ ನಾಹೀ" ಎಂದ. ಕೈ ಮುಟ್ಟಿಸುವ ಅಗತ್ಯವೇ ಇಲ್ಲ ಎಂದರ್ಥ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಎಲ್ಲವನ್ನೂ ನಾನೇ, ಅಷ್ಟರಲ್ಲಿ ಕಲಿತಿದ್ದ ಮರಾಠಿಯಲ್ಲಿ ಕೇಳಿದೆ. ನಮ್ಮ ಮನೆಯವರು ಬೆರಗಾಗಿ ನನ್ನನ್ನೇ ನೋಡುತ್ತಿದ್ದರು. ಪುಣೆಗೆ ಬಂದಮೇಲೆ ಅಂಥ ಹೆಮ್ಮೆ ನನಗೆ ಅದೇ ಮೊದಲು. ಡಬ್ಬಿಯ ಜೊತೆ ದಪ್ಪನೆಯ, ಸುವಾಸನೆಯ ಕರಿ ಚೀಲಗಳ ಒಂದು ಸುರುಳಿಯನ್ನೂ ಕೊಟ್ಟರು.

ಮರುದಿನ ಡಬ್ಬಿಯನ್ನು ಬಾಗಿಲಿಗೇ ತಂದು ಗೌರಕ್ಕನಿಗೆ ತೋರಿಸಿದೆ. ಅವಳು ಕೈ ಚಾಚಿದ್ದೇ ತಡ, ಮುಚ್ಚಳ ಎದ್ದಿತು. "ಯವ್ವಾ!" ಎಂದು ಹಿಂದೆ ಸರಿದು ನಕ್ಕಳು. "ಮುಟ್ಟೂದ ಬ್ಯಾಡೇನ್ರಿ?"

"ಬ್ಯಾಡ."

"ಚಲೋ ಆತ್ ಬಿಡ್ರಿ," ಎಂದವಳು ತನ್ನ ಕೈಯನ್ನೊಮ್ಮೆ ನೋಡಿ, ಸೆರಗಿಗೆ ಒರೆಸಿಕೊಂಡಳು.

ಆಮೇಲೆ ನನಗೆ ಬಲು ಸಲೀಸಾಯಿತು. ಎಲ್ಲ ಕಸ ಒಂದೇ ಡಬ್ಬಿಗೆ. ಬೆಳಿಗ್ಗೆ ಚೀಲದ ಬಾಯಿ ಕಟ್ಟಿ ಹೊರಗಿಟ್ಟು ಬಾಗಿಲು ಹಾಕಿದರೆ ಮುಗಿಯಿತು. ಗೌರಕ್ಕ ಕೆಲವು ದಿನ ಗಂಟೆ ಒತ್ತಿ, "ಬ್ಯಾರೆ ಬ್ಯಾರೆ ಮಾಡ್ರಿ ಅಕ್ಕಾರ, ನನಗ ಕೆಳಗ ಕೂತು ಕೈಲೆ ಆರಸಬೇಕಾಗ್ತದ" ಎಂದಳು. ಹೂಂ ಎಂದೆ, ಮರೆತೆ. ಅಷ್ಟರಲ್ಲಿ ಕಟ್ಟಡದ ಹೆಂಗಸರು ನನ್ನನ್ನು ತಮ್ಮ ಜೊತೆ ಸೇರಿಸಿಕೊಂಡಿದ್ದರು. ಮಾತಿಗೆ ಬೇರೆ ಜನ ಸಿಕ್ಕಿದ್ದರು.

ಒಂದು ಬೆಳಿಗ್ಗೆ ಕೈಜಾರಿ ಗಾಜಿನ ಲೋಟ ಒಡೆಯಿತು. ಚೂರುಗಳನ್ನು ಗುಡಿಸಿ ಡಬ್ಬಿಗೆ ಸುರಿದೆ. ಮುಚ್ಚಳ ತಾನೇ ಮುಚ್ಚಿಕೊಂಡಿತು. ಚೀಲ ಕಟ್ಟಿ ಹೊರಗಿಟ್ಟೆ.

ಮರುದಿನ ಬಂದವನು ಬೇರೆ ಆಳು. ಕೇಳಿದರೆ, "ಮಾವಶೀಚಾ ಹಾತ್ ಕಾಪಲಾ" ಎಂದ. ಮಾವಶಿಯ ಕೈ ಕೊಯ್ದಿದೆ. ಮಾವಶಿ ಎಂದರೆ ಇಲ್ಲಿ ಚಿಕ್ಕಮ್ಮ. ಕಸ ಎತ್ತುವವಳನ್ನೂ ಹಾಗೇ ಕರೆಯುತ್ತಾರೆ.

ಅವಳು ನಲವತ್ತು ಮನೆಗಳ ಕಸ ಎತ್ತುತ್ತಾಳೆ, ನಮ್ಮ ಮನೆಯದೇ ಯಾಕಾಗಬೇಕು ಎಂದು ಹದಿನೈದು ದಿನ ನನಗೆ ನಾನೇ ಹೇಳಿಕೊಂಡೆ. ಕಡೆಗೆ ವಿಳಾಸ ಕೇಳಿಕೊಂಡು ಹೋದೆ. ಒಂದೇ ಖೋಲಿಯ ಮನೆ. ಊರಿಂದ ಬಂದ ಮಗಳು ಗಂಟು ಕಟ್ಟುತ್ತಿದ್ದಳು. ಗೌರಕ್ಕನ ಬಲಗೈಗೆ ಪಟ್ಟಿ. ನರ ತುಂಡಾಗಿ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ.

"ಒಳಗ ಬರ್ರಿ ಅಕ್ಕಾರ," ಎಂದು ಎಡಗೈಯಲ್ಲೇ ಕಂಬಳಿ ಹಾಸಿದಳು.

ಕೂತೆ. "ಗೌರಕ್ಕಾ, ಆ ಗಾಜ ನಮ್ಮನೀದು."

"ಗೊತ್ತದರೀ. ಆ ವಾಸನೀ ಚೀಲ ನಿಮ್ಮನಿಯಿಂದ ಅಷ್ಟ ಬರ್ತಿತ್ತು."

ಮಗಳು ನನ್ನತ್ತ ನೋಡದೆ ಗಂಟು ಬಿಗಿದಳು. ಗೌರಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಗಾಜ ಎಲ್ಲಾರ ಮನ್ಯಾಗೂ ಒಡೀತಾವ. ಬಾಗಲಾ ತಗದು, ಗಾಜ ಅದ ನೋಡ್ ಗೌರಕ್ಕಾ, ಅಂದಿದ್ರ ಆಗ್ತಿತ್ತು. ಮಾತಿತ್ತಲ್ರೀ ನಮಗ."

ಮರುದಿನ ಅವಳು ಇಂಡಿಗೆ ಹೋಗುವ ಬಸ್ಸು ಹತ್ತಿದಳು. ನಾನು ಬ್ಯಾಟರಿ ತೆಗೆದು ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಅದರಿಂದ ಅವಳ ಬೆರಳೇನೂ ಮಡಚುವುದಿಲ್ಲ.

ಹುಬ್ಬಳ್ಳಿಗೆ ಹೋದರೆ ಈಗ ನನ್ನನ್ನು ಪುಣೆಯವಳು ಅನ್ನುತ್ತಾರೆ. ಇಲ್ಲಿ ನಾನು ಕಾನಡೀ ವಹಿನಿ, ಕನ್ನಡದ ಅತ್ತಿಗೆ. ಮೊನ್ನೆ ಧೈರ್ಯ ಮಾಡಿ ಗೌರಕ್ಕನಿಗೆ ಫೋನ್ ಮಾಡಿದೆ. "ಅಲ್ಲೆ ಮಳಿ ಅದ ಏನ್ರೀ?" ಎಂದಳು. ಆಮೇಲೆ ಸಣ್ಣಗೆ, "ಇಲ್ಲೆ ನನ್ನ ಮಾತ ಕೇಳಿ ನಗ್ತಾರ್ರಿ. ಮರಾಠೀ ಮುದುಕಿ ಅಂತಾರ" ಎಂದಳು.



"ಅಕ್ಕಾರ, ನಾಕ್ ಮಾತ ಮರಾಠೀ ಆಡ್ರಿ. ಕೇಳಿ ಭಾಳ ದಿನಾ ಆತು."

ನನ್ನ ಹರಕು ಮರಾಠಿಯಲ್ಲಿ ಶುರು ಮಾಡಿದೆ. ಮಳೆ ನಿಂತಿದೆ ಎಂದೆ. ಚೌಕದ ರಸ್ತೆ ಮತ್ತೆ ಅಗೆದಿದ್ದಾರೆ, ಮಾರುಕಟ್ಟೆಗೆ ಎಳೆ ಮೆಂತ್ಯ ಬಂದಿದೆ ಎಂದೆ. ಆ ಕಡೆಯಿಂದ "ಹೋ... ಹೋ..." ಎಂದು ಮರಾಠಿಯಲ್ಲೇ ಹೂಂಗುಡುತ್ತಿದ್ದಳು. ಆಮೇಲೆ ಅದೂ ನಿಂತಿತು. ಫೋನ್ ಮಾತ್ರ ಇಟ್ಟಿರಲಿಲ್ಲ. ನಾನು ಮಾತಾಡುತ್ತಲೇ ಇದ್ದೆ.