ನನ್ನ ಹೆಗಲಿಗೆ ಕೊಯ್ಸಿದ ಬಂದೂಕು

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡೇ ನಮ್ಮ ತೋಟ. ತೋಟದಲ್ಲೇ ಮನೆ. ಮನೆಯ ಪಡಸಾಲೆಯ ಗೋಡೆಗೆ ಅಜ್ಜನ ಬೇಟೆ ಬಂದೂಕು ತೂಗಿರುತ್ತಿತ್ತು. ಸಂಸ್ಥಾನದ ಕಾಲದಲ್ಲಿ ಅಜ್ಜ ಅರಮನೆಯವರ ಸಂಗಡ ಶಿಕಾರಿಗೆ ಹೋಗುತ್ತಿದ್ದನಂತೆ, ಅವರು ಮೆಚ್ಚಿ ಕೊಟ್ಟದ್ದು. ಶಿಕಾರಿ ನಿಂತು ಎಷ್ಟೋ ಕಾಲವಾದರೂ ಬೆಳೆ ಕಾಯಲು ಅಂತ ಬಂದೂಕಿನ ಪರವಾನಗಿ ಅಪ್ಪನ ಹೆಸರಿನಲ್ಲಿ ಉಳಿದಿತ್ತು. ಕಬ್ಬಿಗೆ ಹಂದಿ ಬಿದ್ದಾಗ ಗಾಳಿಯಲ್ಲಿ ಒಂದು ಗುಂಡು ಹಾರಿಸುತ್ತಿದ್ದರು. ಉಳಿದ ದಿನಗಳಲ್ಲಿ ಅದು ಬಂದ ಮಂದಿಗೆ ತೋರಿಸಲಿಕ್ಕೆ.

ಏಳನೇ ಇಯತ್ತೆಯಲ್ಲಿ ಇದ್ದಾಗ ಒಮ್ಮೆ ನಾನೂ ಹಾರಿಸುತ್ತೇನೆ ಅಂತ ಹಟ ಹಿಡಿದೆ. ಅಪ್ಪ ಬೇಡ ಅನ್ನಲಿಲ್ಲ. ಕಾಡತೂಸು ಹಾಕಿ ಕೈಗೆ ಕೊಟ್ಟರು. ನಾನು ಗಿಡ್ಡ. ಹೆಗಲಿಗೆ ಆನಿಸುವ ಹಿಂದಿನ ಕಟ್ಟಿಗೆ, ಬಟ್ಟು ಅಂತಾರಲ್ಲ, ಅದು ನನ್ನ ತೋಳಿಗೆ ಉದ್ದವಾಗಿ ಹೆಗಲ ಮೇಲೆ ನಿಲ್ಲದೆ ಎದೆಯ ಕಡೆ ಜಾರುತ್ತಿತ್ತು. ಅಪ್ಪನಿಗೆ ಅದು ಕಾಣುತ್ತಿತ್ತು. "ಹೂಂ, ಎಳಿ" ಅಂದರು. ಎಳೆದೆ. ಕುತ್ತಿಗೆಯ ಕೆಳಗಿನ ಎಲುಬು ಮುರಿದು ಕಾಯಿಪಲ್ಲೆಯ ಮಡಿಯಲ್ಲಿ ಅಂಗಾತ ಬಿದ್ದೆ. ಮೊದಲು ನಕ್ಕವರು ಅಪ್ಪ. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಇವು ಬಂದೂಕ ಹಿಡಿಯೋ ಕೈಯಲ್ಲ ಬಿಡು, ಕುಳ್ಳು ತಟ್ಟೋ ಕೈ" ಅಂತ ಅಪ್ಪ ಅವಳಿಗೆ ಹೇಳಿದರು.

ಆ ಕಥೆಯನ್ನು ಅವರು ಎಲ್ಲ ಕಡೆ ಹೇಳಿದರು. ಸೀಮಂತದ ಮನೆಯಲ್ಲಿ, ದಿನಕರ್ಮದ ಊಟಕ್ಕೆ ಕೂತಾಗ, ಕೊನೆಗೆ ಬನಹಟ್ಟಿಯಲ್ಲಿ ನನ್ನ ಮದುವೆಯ ಪಂಕ್ತಿಯಲ್ಲಿ ಬೀಗರ ಮುಂದೆಯೂ. ಕಾಲು ಮೇಲೆ ಮಾಡಿ ನಾನು ಬಿದ್ದದ್ದನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ಬೀಗರು ನಕ್ಕರು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನೂ ನಕ್ಕ.

ಬಂದೂಕು ಹಿಡಿಯಲು ಅಪ್ಪ ಕಲಿಸಿದ್ದು ನನ್ನ ಕಾಕಾನ ಮಗನಿಗೆ. ಕಾಕಾ ತೀರಿಕೊಂಡ ಮೇಲೆ ಅವನು ನಮ್ಮ ಮನೆಯಲ್ಲೇ ಬೆಳೆದ. ಎತ್ತರದ ಆಳು, ಉದ್ದ ತೋಳು. ಅವನ ತಟ್ಟೆಗೆ ಮೊದಲು ತುಪ್ಪ ಬೀಳುತ್ತಿತ್ತು. ಅವ್ವ ಹೋದ ಮೇಲೆ ಮನೆ, ತೋಟ ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಅಪ್ಪನಿಗೆ ಕಣ್ಣು ಮಂಜಾದಾಗ ಬಂದೂಕನ್ನೂ ಅವನ ಹೆಸರಿಗೆ ಮಾಡಬೇಕು ಅಂತ ಓಡಾಡಿದರು. ಆದರೆ ಕಬ್ಬಿನ ಟ್ರಾಕ್ಟರಿನ ಪಾಳಿಯ ಜಗಳದಲ್ಲಿ ಅವನು ಒಬ್ಬನ ತಲೆ ಒಡೆದಿದ್ದ. ಜಮಖಂಡಿ ಕೋರ್ಟಿನಲ್ಲಿ ಕೇಸು ಇನ್ನೂ ನಡೆಯುತ್ತಿತ್ತು. ಕೇಸು ಇದ್ದವನಿಗೆ ಪರವಾನಗಿ ಸಿಗುವುದಿಲ್ಲ, ಸ್ವಂತ ಮಕ್ಕಳು ಯಾರೂ ಇಲ್ಲವೇ ಅಂತ ಕಚೇರಿಯಲ್ಲಿ ಕೇಳಿದರಂತೆ.

ಆಗ ಅಪ್ಪ ನನಗೆ ಫೋನು ಮಾಡಿದರು.

"ಬಂದು ಸಹಿ ಮಾಡಿ ಹೋಗು. ಸರಕಾರಕ್ಕ ಹೋಗೋದಕ್ಕಿಂತ ನಿನ್ನ ಹೆಸರಿಗೆ ಬಿದ್ದಿರ್ಲಿ. ಅವನ ಕೇಸ ಮುಗಿಯೂ ತನಕ ಅಷ್ಟ. ಗ್ವಾಡಿಗೆ ಮೊಳಿ ಇರತೈತಲ್ಲ ಬಂದೂಕ ತೂಗಹಾಕಾಕ, ಅದರಂಗ ಇರು."

ನಾನು ರಬಕವಿಯ ಒಂದು ಸಾಲಿಯಲ್ಲಿ ಶಿಕ್ಷಕಿ. ಹೋಗಿ ಸಹಿ ಮಾಡಿ ಬಂದ ಮೇಲೆ, ವಿಚಾರಣೆಗೆ ಪೊಲೀಸರು ಬನಹಟ್ಟಿಯ ಗಂಡನ ಮನೆಗೆ ಬಂದಾಗ ಓಣಿಯ ಮಗ್ಗಗಳೆಲ್ಲ ಒಮ್ಮೆ ನಿಂತವು. "ಸೀರಿ ಮಾರೋ ಮನಿಯಾಗ ಬಂದೂಕ ಯಾಕ?" ಅಂತ ಗಂಡ ಕೇಳಿದ. ಪರವಾನಗಿ ಕೈಗೆ ಬಂದ ವಾರವೇ, ರಿಪೇರಿ ಮಾಡಿಸಿ ತರುತ್ತೇನೆ ಅಂತ ಅಪ್ಪನಿಗೆ ಹೇಳಿ, ತೋಟದ ಮನೆಯಿಂದ ಬಂದೂಕು ತೆಗೆದುಕೊಂಡು ಜಮಖಂಡಿಗೆ ಹೋದೆ.

ಅಲ್ಲಿ ಹಳೇ ಪೇಟೆಯ ಸಂದಿಯಲ್ಲಿ ಬಂದೂಕು ರಿಪೇರಿ ಮಾಡುವ ಒಂದು ಮನೆತನ ಇದೆ. ಈಗಿನವರನ್ನು ಎಲ್ಲರೂ ಚಾಚಾ ಅಂತಾರೆ. ಅವರು ಬಂದೂಕನ್ನು ಬಿಚ್ಚಿ ಕಟ್ಟಿಗೆಯ ಭಾಗವನ್ನು ಬೇರೆ ಇಟ್ಟರು. ಹಿಂದೆ ಯಾವಾಗಲೋ ಗೇಟಿಗೆ ಹಚ್ಚಿ ಉಳಿದ ಕರಿ ಬಣ್ಣವನ್ನು ಅಪ್ಪ ಅದಕ್ಕೂ ಬಳಿದಿದ್ದರು. ಚಾಚಾ ಗಾಜಿನ ಚೂರಿನಿಂದ ಒಂದು ಮೂಲೆ ಕೆರೆದು ತೋರಿಸಿದರು. ಕೆಳಗೆ ಅಕ್ರೋಟು ಕಟ್ಟಿಗೆ, ಜೇನಿನ ಬಣ್ಣ, ಹೊಗೆಯಂಥ ಗೆರೆಗಳು.

"ದುರ್ಬೀನ ಕೂಡಸಲೇನ್ರಿ ಬಾಯಾರ? ಈಗ ಎಲ್ಲಾರೂ ಕೂಡಸ್ತಾರ."

"ಬ್ಯಾಡ್ರಿ ಚಾಚಾ. ಹಳೇದು ಹಳೇದರಂಗ ಕಾಣಬೇಕು. ಬಣ್ಣ ತಗೀರಿ, ಬಿರುಕು ಮುಚ್ಚರಿ, ಅಗಸಿ ಎಣ್ಣಿ ತಿಕ್ಕರಿ. ಮತ್ತ ನನ್ನ ಅಳತಿಗೆ ಬಟ್ಟು ಕೊಯ್ರಿ."

ಚಾಚಾ ಕನ್ನಡಕ ಮೇಲೆ ಏರಿಸಿದರು. "ಕೊಯ್ದರ ಹೋತು. ಮತ್ತ ತುಂಡ ಹಚ್ಚಿದರ ತ್ಯಾಪಿ ಕಂಡಂಗ ಕಾಣತೈತಿ. ಅಪ್ಪಾರನ ಕೇಳೀರೇನು?"

"ಪರವಾನಗಿ ನನ್ನ ಹೆಸರಿಲೆ ಐತ್ರಿ."

ಆ ಮಾತು ಆಡುವಾಗ ಬಾಯಿಗೆ ರುಚಿಯಾಗಿತ್ತು.

ಮೊಣಕೈ ಮಡಚಿಸಿ, ಅದರ ಒಳಗೆ ಬಟ್ಟನ್ನು ಆನಿಸಿ, ನನ್ನ ಬೆರಳು ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಿ ಪೆನ್ಸಿಲಿನಿಂದ ಗೆರೆ ಎಳೆದರು. ಗರಗಸ ಹಾಕಿದಾಗ ನಾನು ಎದುರಿಗೇ ಇದ್ದೆ. ಮುಂದಿನ ಶನಿವಾರಗಳಲ್ಲಿ ಸಾಲಿ ಬಿಟ್ಟು ಬಂದು ಅವರ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಎಣ್ಣೆ ತಿಕ್ಕುವುದು, ಒಣಗಿಸುವುದು, ಮತ್ತೆ ತಿಕ್ಕುವುದು. ಒದೆತ ತಡೆಯಲು ತುದಿಗೆ ಇಟ್ಟಂಗಿ ಬಣ್ಣದ ರಬ್ಬರು ಕೂಡಿಸಿದರು. ನಳಿಗೆಯ ತುಕ್ಕು ತೆಗೆದರು, ಹೊಳಪು ಕೊಡಲಿಲ್ಲ. ಕಬ್ಬಿಣದ ಮೇಲೆ ಕೊರೆದಿದ್ದ ಜಿಂಕೆಯ ಚಿತ್ರವನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದರು, ಅಷ್ಟೇ. ಹೊಸ ಚರ್ಮದ ಪಟ್ಟಿ ಹಾಕಿದ ಮೇಲೆ ನನ್ನ ಹೆಗಲಿಗೆ ಏರಿಸಿ ನೋಡಿದೆ. ಎಲ್ಲೂ ಜಾರಲಿಲ್ಲ.

ಮುಂದಿನ ಭಾನುವಾರ ತೋಟಕ್ಕೆ ಒಯ್ದೆ. ಅಪ್ಪ ಕಟ್ಟೆಯ ಮೇಲೆ ಹೊರಸು ಹಾಕಿಸಿಕೊಂಡು ಕೂತಿದ್ದರು. ಬೀಳಗಿ ಕಡೆಯ ಇಬ್ಬರು ಹಳೆಯ ಗೆಳೆಯರು ಬಂದಿದ್ದರು. ಕಾಕಾನ ಮಗ ಕಂಬಕ್ಕೆ ಒರಗಿ ನಿಂತಿದ್ದ. ಅಪ್ಪ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಜಿಂಕೆಯನ್ನು ತಡವಿದರು. "ಛಲೋ ಮಾಡ್ಯಾನ ಚಾಚಾ" ಅಂದರು. ಆಮೇಲೆ ಹೆಗಲಿಗೆ ಏರಿಸಿದರು. ಹೆಬ್ಬೆರಳು ಬಂದು ಅವರ ಮೂಗಿಗೆ ತಾಗಿತು. ಇಳಿಸಿ, ಬಟ್ಟನ್ನು ಗೇಣು ಹಾಕಿ ಅಳೆದರು.

"ಯಾರು ಕೊಯ್ಯಾಕ ಹೇಳಿದ್ದು?"

"ನಾನ್ರಿ ಅಪ್ಪಾ."

ಗೆಳೆಯರು ಚಹಾದ ಬಟ್ಟಲು ನೋಡತೊಡಗಿದರು. ಅಪ್ಪ ಬೈಯುತ್ತಾರೆ ಅಂತ ಕಾದೆ. ಅವರು ನಕ್ಕರು.

"ಆತು ಬಿಡು. ಕುಳ್ಳಿ ಅಳತಿಗೆ ಆಗೇತಿ. ಹಂಗಾರ ಹೊಡದ ತೋರಸು ನೋಡೂಣು. ಅಕಾ ಅಲ್ಲಿ."

ಬೇವಿನ ಗಿಡದ ಕೆಳಗೆ ಮನೆಯ ನಾಯಿ ಮಲಗಿತ್ತು. ಮುಧೋಳ ತಳಿಯ ಹೆಣ್ಣುನಾಯಿ, ವಯಸ್ಸಾಗಿತ್ತು. ಹಿಂಗಾಲು ಬಿದ್ದುಹೋಗಿ ಮುಂದಿನ ಕಾಲಿನಿಂದ ಮೈ ಎಳೆಯುತ್ತಿತ್ತು. ಸೋಮವಾರ ದನದ ಡಾಕ್ಟರು ಬಂದು, ನೋವಿಲ್ಲದೆ ಸಾಯಲಿ ಅಂತ, ಸೂಜಿ ಮಾಡುವುದು ಅಂತ ಠರಾವಾಗಿತ್ತು.

"ನಾಳಿಗೆ ಡಾಕ್ಟರ ಬರ್ತಾರಲ್ರಿ ಅಪ್ಪಾ."

"ಡಾಕ್ಟರ ಯಾಕ? ಬಂದೂಕ ಐತಿ, ಪರವಾನಗಿ ಐತಿ, ಅಳತಿನೂ ಕೂಡೇತಿ. ಧೈರ್ಯ ಒಂದ ಇಲ್ಲ, ಹೌದಿಲ್ಲೊ?" ಅಂದು ಗೆಳೆಯರ ಕಡೆ ತಿರುಗಿದರು. "ಸಣ್ಣಾಕಿ ಇದ್ದಾಗ ಒಮ್ಮೆ ಹಾರಿಸಿದ್ಲ ನೋಡ್ರಿ..."

ನಾನು ಒಲ್ಲೆ ಅಂದೆ. ಅಪ್ಪ ಕಾಡತೂಸಿನ ಡಬ್ಬಿಯನ್ನು ಕಾಕಾನ ಮಗನ ಕಡೆ ಚಾಚಿದರು. "ನೀ ತಗೊ ಲೇ. ಗಂಡಸು ಹೊಡದ ತೋರಸು."

"ನಿನಗ ಅದು ಗಿಡ್ಡ ಆಗತೈತಿ, ಬ್ಯಾಡ" ಅಂತ ನಾನು ಅವನಿಗೆ ಹೇಳಿದೆ. ಖರೆ ಅಂದರೆ ಮೆಲ್ಲಗೆ ಹೇಳಿದೆ. ಕೈ ಹಿಡಿಯಲಿಲ್ಲ. ಅವನು ಕೇಳಿಸಿಕೊಂಡ, ನನ್ನ ಕಡೆ ನೋಡಿ ಹಲ್ಲು ಕಿಸಿದ. ಅಪ್ಪನ ತೊಡೆಯಿಂದ ಬಂದೂಕು ತಗೊಂಡು ಕಟ್ಟೆಯಿಂದ ಇಳಿದು, ಉದ್ದ ಕುತ್ತಿಗೆ ಬಗ್ಗಿಸಿ, ಕೆನ್ನೆಯನ್ನು ಕಟ್ಟಿಗೆಗೆ ಒತ್ತಿ ಹಾರಿಸಿದ. ಬಂದೂಕು ಒದ್ದು ಅವನ ಹೆಬ್ಬೆರಳೇ ಮೂಗಿಗೆ ಬಡಿಯಿತು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಬಂದೂಕು ಬಿಟ್ಟು ಎರಡೂ ಕೈಯಲ್ಲಿ ಮುಖ ಹಿಡಿದು ಕುಕ್ಕರಿಸಿದ. ಬೆರಳ ಸಂದಿಯಿಂದ ರಕ್ತ ಇಳಿಯಿತು.

ಗುಂಡು ನಾಯಿಯ ಸೊಂಟಕ್ಕೆ ಬಿದ್ದಿತ್ತು. ಅದು ಸಾಯಲಿಲ್ಲ. ಅದು ಹೊರಡಿಸಿದ ದನಿಯನ್ನು ಬರೆಯಲು ನನಗೆ ಆಗುವುದಿಲ್ಲ. ಮುಂದಿನ ಕಾಲೂರಿ, ಹಿಂದೆ ಕೆಂಪು ಗೆರೆ ಬಿಡುತ್ತ, ಅಪ್ಪನ ಹೊರಸಿನ ಕಡೆಗೇ ತೆವಳತೊಡಗಿತು. ದಿನಾ ರೊಟ್ಟಿ ಹಾಕುವ ಕೈ ಅದಕ್ಕೆ ಗೊತ್ತು. ಅಪ್ಪ ಎರಡೂ ಕಾಲನ್ನು ಹೊರಸಿನ ಮೇಲೆ ಎತ್ತಿಕೊಂಡರು.

"ಮುಗಸ್ರಿ ಯಾರರ!" ಅಂತ ಕೂಗಿದರು. ಗೆಳೆಯರು ಅಲುಗಲಿಲ್ಲ. ಕಾಕಾನ ಮಗ ನೆಲದಲ್ಲಿ ಮುಲುಗುತ್ತಿದ್ದ.

ನಾನು ಇಳಿದು ಬಂದೂಕು ಎತ್ತಿಕೊಂಡೆ. ಖಾಲಿ ಕಾಡತೂಸು ತೆಗೆದು ಹೊಸದು ಹಾಕಿದೆ. ಬಟ್ಟು ಹೆಗಲಿಗೆ ಬಂದು ತಾನೇ ಕೂತಿತು. ನಾಯಿ ಕಟ್ಟೆಯ ಮೆಟ್ಟಿಲಿಗೆ ತಲೆ ಇಟ್ಟಿತ್ತು. ಕಿವಿಯ ಹಿಂದೆ ನೋಡಿ ಎಳೆದೆ.

"ಶಾಭಾಸ್!" ಅಂದರು ಅಪ್ಪ. "ನೋಡಿದ್ರೇನ್ರಿ? ಥೇಟ್ ನಮ್ಮಪ್ಪನ ಕೈ!"

ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಮೈಯೆಲ್ಲ ಬೆಚ್ಚಗಾಗುವಂಥ ಖುಷಿ. ಅದು ಇಳಿದ ಮೇಲೆ ನಾಯಿಯ ಕಡೆ ನೋಡಿದೆ.

ಕಾಕಾನ ಮಗನನ್ನು ಆಟೋದಲ್ಲಿ ಜಮಖಂಡಿಯ ದವಾಖಾನೆಗೆ ಕಳಿಸಿದೆವು. ಗಾಡಿಯಿಂದ ಬಿದ್ದೆ ಅಂತ ಹೇಳಿಕೊಂಡ. ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ಕಾಲುವೆಯ ದಂಡೆಗೆ ಒಯ್ದು ನಾನೇ ಅಗೆದೆ. ಎರಿ ಮಣ್ಣು ಒಣಗಿ ಕಲ್ಲಾಗಿತ್ತು, ಬಹಳ ಹೊತ್ತು ಹಿಡಿಯಿತು. ತಿರುಗಿ ಬಂದಾಗ "ಮಂದಿಗೆ ಇನ್ನೊಮ್ಮೆ ಚಾ ಮಾಡವಾ" ಅಂದರು ಅಪ್ಪ. ಕೈ ತೊಳೆದು ಮಾಡಿದೆ. ಒಲೆಯ ಮುಂದೆ ನಿಂತಾಗ ಪಡಸಾಲೆಯಿಂದ ಅವರ ಮಾತು ಕೇಳುತ್ತಿತ್ತು. ಅವರ ಕಥೆಯಲ್ಲಿ ಅಷ್ಟರಲ್ಲೇ ನಾಯಿಗೆ ಹುಚ್ಚು ಹಿಡಿದಿತ್ತು. ಅಪ್ಪನ ಮೈಮೇಲೆ ಏರಿ ಬಂದಿತ್ತು. ಮಗಳು ಒಂದೇ ಗುಂಡಿಗೆ ಕೆಡವಿದ್ದಳು.

ಆ ಹೊಸ ಕಥೆ ಈಗ ಊರಿನಲ್ಲೆಲ್ಲ ಓಡಾಡುತ್ತಿದೆ. ಅದರಲ್ಲಿ ನಗಿಸುವ ಪಾತ್ರ ಕಾಕಾನ ಮಗನದು. ಮುಖ ಹಿಡಿದು ಕುಕ್ಕರಿಸಿದ್ದನ್ನು ಅಪ್ಪ ಹೊರಸಿನ ಮೇಲೆ ಕೂತಲ್ಲೇ ಮಾಡಿ ತೋರಿಸುತ್ತಾರೆ. "ಮೂಗಮುರುಕ" ಅಂತ ಕರೆಯುತ್ತಾರೆ. ಅವನ ಮೂಗು ಸೊಟ್ಟಗೇ ಕೂಡಿದೆ. ಅಪ್ಪ ಮಲಗಿದ ಮೇಲೆ ಅಡುಗೆಮನೆಗೆ ಬಂದು ಒಬ್ಬನೇ ಉಣ್ಣುತ್ತಾನೆ. ಒಮ್ಮೆ ನನ್ನ ಮುಂದೆಯೇ ಅವನನ್ನು ಆಡಿಕೊಂಡರು. ಅವನು ನನ್ನ ಕಡೆ ನೋಡಿದ. ನಾನು ನಗಲಿಲ್ಲ, ಸಾಕು ಮಾಡ್ರಿ ಅಂತಲೂ ಅನ್ನಲಿಲ್ಲ.

ಆಮೇಲೆ ಚುನಾವಣೆ ಬಂತು. ಪರವಾನಗಿ ಇದ್ದವರೆಲ್ಲ ಬಂದೂಕು ಠಾಣೆಯಲ್ಲಿ ಇಡಬೇಕು ಅಂತ ಹೇಳಿಕಳಿಸಿದರು. ಇಟ್ಟು ಬಂದೆ. ಎಣಿಕೆ ಮುಗಿದ ಮೇಲೆ ಉಳಿದವರು ತಮ್ಮ ತಮ್ಮದನ್ನು ತಂದುಕೊಂಡರು. ನಾನು ಹೋಗಿಲ್ಲ.

ಅಪ್ಪ ಈಗ ದಿನಾ ಫೋನು ಮಾಡುತ್ತಾರೆ. ಮುಧೋಳದಿಂದ ಯಾರೋ ಬರುವವರಿದ್ದಾರೆ, ನಾನು ಬಂದೂಕು ಏರಿಸಿ ನಿಂತದ್ದನ್ನು ಅವರಿಗೆ ತೋರಿಸಬೇಕಂತೆ. ಮುಂಜಾನೆಯಿಂದ ಧೋತರ ಉಟ್ಟು ಕಟ್ಟೆಯ ಮೇಲೆ ಕಾಯುತ್ತಾರೆ ಅಂತ ಕಸ ಹೊಡೆಯುವಾಕೆ ಹೇಳಿದಳು. ಬಸ್ಸಿನ ಸಪ್ಪಳಾದರೆ ಎದ್ದು ನಿಲ್ಲುತ್ತಾರಂತೆ. ಆ ಮಂಜುಗಣ್ಣಿಗೆ ರಸ್ತೆಯೂ ಕಾಣುವುದಿಲ್ಲ.

"ಇವತ್ತ ತರ್ತಿಯಲ್ಲವಾ?" ಅಂತ ಕೇಳುತ್ತಾರೆ.

"ಹೂಂನ್ರಿ ಅಪ್ಪಾ, ಸಂಜೀಕ ತರ್ತೇನಿ" ಅನ್ನುತ್ತೇನೆ. ಸಾಲಿ ಬಿಟ್ಟ ಮೇಲೆ ಬನಹಟ್ಟಿಯ ಬಸ್ಸು ಹತ್ತಿ ಮನೆಗೆ ಹೋಗುತ್ತೇನೆ.